ಬಲಕ್ಕೆ ನಿಂತ ಟ್ರ್ಯಾಕ್ಟರು

ಹದಿನೆಂಟು ವರ್ಷ ನಾನು ಆರ್‌ಟಿಓ ಕಚೇರಿಯ ಗೇಟಿನ ಹೊರಗೆ, ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಏಜೆಂಟನಾಗಿ ಕುಳಿತವನು. ಯಾವ ಊರಿನ ಕಚೇರಿ ಎಂದು ಬರೆಯುವುದಿಲ್ಲ; ಅಲ್ಲಿದ್ದವರಲ್ಲಿ ಹಲವರು ಇನ್ನೂ ಪಿಂಚಣಿ ಉಣ್ಣುತ್ತಿದ್ದಾರೆ. ತಪ್ಪು ಮಾಡುವುದು ಕಚೇರಿಯ ಕೆಲಸ, ಅದನ್ನು ತಿದ್ದಿಸಲು ಅಲೆಯುವುದು ಜನರ ಕೆಲಸ, ನಡುವೆ ಕುಳಿತು ಹೊಟ್ಟೆ ಹೊರೆಯುವುದು ನನ್ನ ಕೆಲಸ. ಒಮ್ಮೆ ರಾಮದುರ್ಗದ ಕಡೆಯ ನೇಕಾರನೊಬ್ಬನ ಲೈಸೆನ್ಸಿಗೆ ಬೇರೆ ಯಾರದೋ ಬೋಳು ತಲೆಯ ಫೋಟೋ ಅಂಟಿ ಬಂದಿತ್ತು. ತಿದ್ದಿಸಲು ಆರು ಸಲ ಬಂದ. ಆರನೆಯ ಸಲ ಗುಮಾಸ್ತ ಅವನನ್ನು ಮೇಲಿಂದ ಕೆಳಗೆ ನೋಡಿ, "ತಲಿ ಬೋಳಿಸ್ಕೊಂಡ್ ಬಿಡೋ ತಮ್ಮಾ, ಕೆಲಸ ಹಗೂರ ಆಗತೈತಿ" ಎಂದ. ಮರದ ಕೆಳಗಿದ್ದ ನಾವೆಲ್ಲ ನಕ್ಕೆವು. ನೇಕಾರನೂ ನಕ್ಕ, ನಗದೆ ಏನು ಮಾಡಿಯಾನು.

ನಗಲಾಗದ ತಪ್ಪೊಂದಿದೆ. ಕಚೇರಿಯ ದಫ್ತರಿನಲ್ಲಿ ಕುಳಿತಿದ್ದರೂ ಅದು ಹುಟ್ಟಿದ್ದು ನನ್ನ ಕಣ್ಣೆದುರಿಗೆ. ಅಂಟು ಹಚ್ಚಿ ಒಳಗೆ ಕಳಿಸಿದ್ದು ನಾನು.

ತೊಂಬತ್ತರ ದಶಕದ ನಡುವಿನ ಒಂದು ದೀಪಾವಳಿ ಪಾಡ್ಯ. ಕಿತ್ತೂರಿನ ಹತ್ತಿರದ ಹಳ್ಳಿಯೊಂದರ ಅಣ್ಣ ತಮ್ಮ ಬೈಲಹೊಂಗಲದಿಂದ ಒಂದೇ ದಿನ ಎರಡು ಟ್ರ್ಯಾಕ್ಟರು ತಂದರು. ಒಂದೇ ಕಂಪನಿ, ಒಂದೇ ಕೆಂಪು ಬಣ್ಣ. ಒಂದು ಅಣ್ಣನ ಹೆಸರಿಗೆ, ಇನ್ನೊಂದು ತಮ್ಮನ ಹೆಸರಿಗೆ. ಕಾಗದಪತ್ರಕ್ಕೆಂದು ನನ್ನನ್ನು ಅಂಗಡಿಗೇ ಕರೆಸಿಕೊಂಡಿದ್ದರು. ಪ್ರತಿ ಗಾಡಿಯ ಚಾಸಿಯ ಮೇಲೆ ಕಬ್ಬಿಣದಲ್ಲಿ ಕೊರೆದ ನಂಬರು ಇರುತ್ತದೆ. ಅದರ ಮೇಲೆ ತೆಳ್ಳನೆಯ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿದರೆ ಅಂಕಿಗಳು ಮೂಡುತ್ತವೆ. ಆ ಪಟ್ಟಿಯನ್ನು ಅರ್ಜಿಗೆ ಅಂಟಿಸಬೇಕು. ಕಾಗದದಲ್ಲಿರುವ ಗಾಡಿಯೂ ಅಂಗಳದಲ್ಲಿರುವ ಗಾಡಿಯೂ ಒಂದೇ ಎನ್ನುವುದಕ್ಕೆ ಅದೇ ಸಾಕ್ಷಿ. ನಾನು ಅಂಗಡಿಯಲ್ಲೇ ಎರಡೂ ಪಟ್ಟಿ ತೆಗೆದು, ಬಿಲ್ಲಿಗೆ ತಾಳೆ ನೋಡಿ, ಅಣ್ಣನ ಅರ್ಜಿಗೊಂದು ತಮ್ಮನ ಅರ್ಜಿಗೊಂದು ಅಂಟಿಸಿದೆ. ಅಲ್ಲಿಯವರೆಗೆ ಎಲ್ಲ ಸರಿಯಿತ್ತು.

ಪೂಜೆಗೆಂದು ಎರಡನ್ನೂ ಅವರ ಮನೆಯ ಮುಂದೆ ಅಕ್ಕಪಕ್ಕ ನಿಲ್ಲಿಸಿದರು. ವಿಭೂತಿ ಬಳಿದು, ಹಾರ ಹಾಕಿ, ಗಾಲಿಗಳ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಆಗ ಅವರ ತಾಯಿ ಆರತಿಯ ತಾಟು ಹಿಡಿದು ಹೊರಗೆ ಬಂದಳು. ಎತ್ತು ಹೂಡುವಾಗಲೂ ಬಲದ ಎತ್ತು ಎಡಕ್ಕೆ ಹೋಗಬಾರದೆನ್ನುವ ಮನೆ ಅದು. ಮುದುಕಿ ಎರಡನ್ನೂ ನೋಡಿ, "ಹಿರ್ಯಾನ ಗಾಡಿ ಯಾವ್ದು?" ಎಂದು ಕೇಳಿದಳು. ಎಡಗಡೆಯದು ಎಂದರು.

"ಹಿರ್ಯಾಂದು ಬಲಕ್ಕಿರಬೇಕು," ಎಂದಳು.

ಹಿಂದೆ ತೆಗೆದು ಅದಲುಬದಲಾಗಿ ನಿಲ್ಲಿಸೋಣವೆಂದು ತಮ್ಮನು ಬಲಗಡೆಯ ಗಾಡಿ ಹತ್ತಿದ. ಮುದುಕಿ ಅದಕ್ಕೂ ಒಪ್ಪಲಿಲ್ಲ.

"ನಿಂಬಿಹಣ್ಣ ಇಟ್ಟ ಮ್ಯಾಲೆ ಗಾಲಿ ಹಿಂದಕ್ಕ ಹೋಗಬಾರದು. ಬಲಕ್ಕ ನಿಂತದ್ದಽ ಹಿರ್ಯಾಂದು, ಎಡಕ್ಕ ನಿಂತದ್ದು ಸಣ್ಣಾವಂದು. ಮುಗೀತು."

ತಮ್ಮ ನಕ್ಕು, ಇಳಿದು, ಎಡಗಡೆಯದನ್ನು ಹತ್ತಿ ಕುಳಿತ. ಅಂಟಿಸಿದ ಪಟ್ಟಿಗಳು ನನ್ನ ಚೀಲದಲ್ಲಿದ್ದವು. ಬದಲಿಸುವುದೆಂದರೆ ಬಿಲ್ಲು, ವಿಮೆ, ಅರ್ಜಿ ಎಲ್ಲವನ್ನೂ ಹೊಸದಾಗಿ ಬರೆಸಬೇಕು. ಒಳಗಿನಿಂದ ಹೋಳಿಗೆಯ ವಾಸನೆ ಬರುತ್ತಿತ್ತು. "ಒಂದಽ ಬಣ್ಣ, ಒಂದಽ ಮನಿ, ಕಾಗದದಾಗ ಹೆಂಗಿದ್ರೇನ್ರಿ," ಎಂದು ನಾನೇ ಹೇಳಿದೆ. ಎಲ್ಲರಿಗೂ ಅದು ಸರಿಯೆನಿಸಿತು. ಒಳಗೆ ಹೋಗಿ ನಾಲ್ಕು ಹೋಳಿಗೆ ತಿಂದೆ. ತುಪ್ಪ ಬಡಿಸಿದವಳು ತಮ್ಮನ ಹೊಸ ಹೆಂಡತಿ, ಹೂಲಿಯ ಕಡೆಯ ಹುಡುಗಿ. "ಇನ್ನೊಂದ್ ಹಾಕಿಸ್ಕೋರಿ ಅಣ್ಣಾರ," ಎಂದು ಐದನೆಯದನ್ನೂ ಹಾಕಿದಳು.

ಗಾಡಿಗಳನ್ನು ಕಚೇರಿಗೆ ತಂದ ದಿನ ಇನ್ಸ್‌ಪೆಕ್ಟರು ಇಳಿದು ಬಂದು ನಂಬರು ನೋಡಬೇಕಿತ್ತು. ನೋಡಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿದ್ದೆವು, ಅಲ್ಲೇ ಸರಿಯೂ ಆಗುತ್ತಿತ್ತು. ಬಿಸಿಲು ಜೋರಾಗಿತ್ತು. ಅವನು ಕಿಟಕಿಯಿಂದ ಎರಡು ಕೆಂಪು ಮೂತಿ ನೋಡಿ, "ಎರಡೂ ಬಂದಾವಲ್ಲ?" ಎಂದು ಕೇಳಿ, 'ಖುದ್ದಾಗಿ ಪರೀಕ್ಷಿಸಿದ್ದೇನೆ' ಎಂಬ ಸಾಲಿನ ಕೆಳಗೆ ಸಹಿ ಹಾಕಿದ. ಪೇಂಟರು ಅಣ್ಣನ ಹೆಸರಿಗೆ ಬಂದ ನಂಬರನ್ನು ಅಣ್ಣ ಓಡಿಸುತ್ತಿದ್ದ ಗಾಡಿಯ ಫಲಕದ ಮೇಲೆ ಬರೆದ, ತಮ್ಮನದನ್ನು ತಮ್ಮನ ಗಾಡಿಯ ಫಲಕದ ಮೇಲೆ. ನೋಡಿದವರಿಗೆ ಎಲ್ಲ ನೆಟ್ಟಗೆ. ಒಳಗಿನ ಕಬ್ಬಿಣದ ನಂಬರು ಮಾತ್ರ ಅಣ್ಣನದು ತಮ್ಮನ ಹತ್ತಿರ, ತಮ್ಮನದು ಅಣ್ಣನ ಹತ್ತಿರ.

ಎಂಟು ವರ್ಷ ಅದರ ಗೊಡವೆಗೆ ಯಾರೂ ಹೋಗಲಿಲ್ಲ. ಅಷ್ಟರಲ್ಲಿ ಮುದುಕಿ ತೀರಿಕೊಂಡಳು, ಅಣ್ಣತಮ್ಮಂದಿರು ಬೇರೆಯಾದರು. ಅಣ್ಣನಿಗೆ ಟ್ರ್ಯಾಕ್ಟರು ದುಡಿಸುವುದು ಗೊತ್ತಿತ್ತು, ಎಣ್ಣೆ ಬದಲಿಸುವುದು ಗೊತ್ತಿರಲಿಲ್ಲ. ಅವನದು ಎರಡು ಸಲ ಇಂಜಿನ್ನು ಜಾಮಾಗಿ, ಏರು ಬಂದರೆ ಕೆಮ್ಮುವ ಮುದುಕನಂತಾಗಿತ್ತು. ತಮ್ಮ ತನ್ನದನ್ನು ಎತ್ತಿನ ಹಾಗೆ ಮೈ ತೊಳೆದು ನೆರಳಿಗೆ ನಿಲ್ಲಿಸುತ್ತಿದ್ದ. ಎರಡು ಸಾವಿರ ಇಸವಿ ದಾಟಿದ ಮೇಲೆ ಒಂದು ಬೇಸಿಗೆ, ಎದೆನೋವೆಂದು ಕುಳಿತವನು ಮತ್ತೆ ಏಳಲಿಲ್ಲ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಮತ್ತು ಆ ಟ್ರ್ಯಾಕ್ಟರು ಉಳಿದವು. ಅವಳು ಡ್ರೈವರನನ್ನಿಟ್ಟು ಎಂ.ಕೆ. ಹುಬ್ಬಳ್ಳಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸಿ ಒಂದು ಹಂಗಾಮು ಮನೆ ನಡೆಸಿದಳು. ಮುಂದೆಯೂ ನಡೆಸಬೇಕೆಂದರೆ ಗಾಡಿ ಅವಳ ಹೆಸರಿಗಾಗಬೇಕಿತ್ತು. ಆ ಅರ್ಜಿ ತುಂಬಿದ್ದೂ ನಾನೇ.

ಪಾಡ್ಯದ ಸಂಗತಿ ಆಗ ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಈ ಸಲವೂ ಕಿಟಕಿಯಿಂದಲೇ ಮುಗಿದೀತು ಎಂದುಕೊಂಡಿದ್ದೆ. ಆದರೆ ಹೊಸದಾಗಿ ಬಂದಿದ್ದ ಇನ್ಸ್‌ಪೆಕ್ಟರು ಪ್ರಾಮಾಣಿಕನಾಗಿದ್ದ. ನಮ್ಮ ಕಚೇರಿಗೆ ಪ್ರಾಮಾಣಿಕರು ಬರುವುದೇ ಅಪರೂಪ, ಬಂದವನು ಅವಳ ತಲೆಯ ಮೇಲೇ ಬಂದ. ಬಿಸಿಲಿನಲ್ಲಿ ಮೊಣಕಾಲೂರಿ ತಾನೇ ಪೆನ್ಸಿಲು ಉಜ್ಜಿದ. ನಂಬರು ತಾಳೆಯಾಗಲಿಲ್ಲ. ದಫ್ತರು ತೆಗೆಸಿದ. ಆ ನಂಬರಿನ ಗಾಡಿ ಅವಳ ಭಾವನ ಹೆಸರಿನಲ್ಲಿತ್ತು.

"ನಿಮ್ಮ ದಫ್ತರದಾಗ ತಪ್ಪಾಗೈತ್ರಿ," ಎಂದಳು ಅವಳು.

"ಕಚೇರಿದಾಗ ತಪ್ಪಿಲ್ಲಬೇ," ಎಂದ ಗುಮಾಸ್ತ. "ತಪ್ಪು ನಿನ್ನ ಟ್ರ್ಯಾಕ್ಟರಿನಾಗೈತಿ."

ಭಾವನನ್ನು ಕರೆಸಿದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. ಪಾಡ್ಯದ ದಿನ ಬಲಗಡೆಯ ಟ್ರ್ಯಾಕ್ಟರಿನ ಮೇಲೆ ಕುಳಿತು ಆರತಿ ಮಾಡಿಸಿಕೊಂಡವನು ಅವನೇ. ಎಲ್ಲವನ್ನೂ ತಲೆತಗ್ಗಿಸಿ ಕೇಳಿಸಿಕೊಂಡು, "ನಾ ಸಾಲಿ ಕಲತಾಂವಲ್ರಿ ಸಾಹೇಬ್ರ. ಕಾಗದ ಏನ್ ಹೇಳ್ತಾವ, ಹಂಗ ನಡೀಲಿ," ಎಂದ. ಇಂಥ ಕಡೆ ಶಾಲೆ ಕಲಿಯದಿರುವುದೂ ಒಂದು ವಿದ್ಯೆಯೇ.

ಇನ್ಸ್‌ಪೆಕ್ಟರಿಗೆ ಅವಳ ಮಾತಿನ ಮೇಲೆ ನಂಬಿಕೆ ಬಂದಿತ್ತು. ಅವನೇ ದಾರಿ ತೋರಿಸಿದ. ಆ ದಿನ ಅರ್ಜಿ ತುಂಬಿದವನು, 'ನಂಬರು ತೆಗೆದ ಮೇಲೆ ಗಾಡಿಗಳು ಅದಲುಬದಲಾದವು, ನಾನು ಕಣ್ಣಾರೆ ಕಂಡೆ' ಎಂದು ಬರೆದು ಸಹಿ ಮಾಡಿಕೊಟ್ಟರೆ ಫೈಲು ಮೇಲಕ್ಕೆ ಕಳಿಸುತ್ತೇನೆ ಎಂದ. ಅವಳು ಓಡುತ್ತಲೇ ನನ್ನ ಮೇಜಿಗೆ ಬಂದಳು. ಮುಖದಲ್ಲಿ ಆಗಲೇ ಗೆದ್ದವಳ ಬೆಳಕಿತ್ತು.

"ಅಣ್ಣಾರ, ಒಂದ ಸಾಲು ಬರದಕೊಡ್ರಿ. ಅವತ್ತ ಅತ್ತಿಯವರು ಅಂದದ್ದು ನೀವು ನಿಂತ ಕೇಳೀರಿ. ನೀವಽ ಅಂದ್ರಿ, ಒಂದಽ ಮನಿ ಅಂತ."

ನಾನು ಅಂಟಿನ ಡಬ್ಬಿಯ ಮುಚ್ಚಳ ತಿರುವುತ್ತ ಕುಳಿತೆ. ಅಂದು ಕಿಟಕಿಯಿಂದ ಸಹಿ ಹಾಕಿದವನು ಈಗ ಬಡ್ತಿ ಪಡೆದು ಒಳಗಿನ ಕೋಣೆಯಲ್ಲಿ ದೊಡ್ಡ ಸಾಹೇಬನಾಗಿ ಕುಳಿತಿದ್ದ. ನಾನು ಬರೆಯುವ ಒಂದು ಸಾಲು ಅವನ ಸಹಿಯನ್ನು ಸುಳ್ಳು ಮಾಡುತ್ತಿತ್ತು. ಮರುದಿನ ಬೇವಿನ ಮರ ಇರುತ್ತಿತ್ತು, ಅದರ ಕೆಳಗೆ ನನ್ನ ಮೇಜು ಇರುತ್ತಿರಲಿಲ್ಲ.

"ನನಗ ನೆನಪಿಲ್ಲ ತಂಗಿ," ಎಂದೆ.

"ಹೋಳಿಗಿ ಉಂಡೀರಿ ಅಣ್ಣಾರ."

"ಪಾಡ್ಯಕ್ಕ ಹತ್ತ ಮನ್ಯಾಗ ಉಂಡಿರತೇನಿ. ಯಾವ್ದಂತ ನೆನಪಿಡ್ಲಿ?"

ಉಂಡ ಮನೆಯ ಜಂತಿ ಎಣಿಸಬಾರದು ಎನ್ನುತ್ತಾರೆ. ನಾನು ಎಣಿಸಲಿಲ್ಲ, ಒಂದನ್ನು ಕಿತ್ತೇ ಹಾಕಿದೆ. ಅವಳು ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೊಂದು ನೆಪ ಸಿಗುತ್ತಿತ್ತು. ನನ್ನ ಬಲಗೈಯನ್ನೇ ನೋಡಿ, ಸೆರಗು ಸರಿಮಾಡಿಕೊಂಡು ಬಸ್ಸಿಗೆ ಹೋದಳು.

ವಾರದ ಮೇಲೆ ಗಾಡಿಗಳನ್ನು ಕಾಗದದ ಪ್ರಕಾರ ಬದಲಿಸಿದರು. ಅವಳ ಅಂಗಳದಲ್ಲೇ ಆಯಿತು. ಹೊಸದಾಗಿ ಪೆನ್ಸಿಲ್ ಪಟ್ಟಿ ತೆಗೆಯಲು ಕಚೇರಿಯವರು ಕರೆದುಕೊಂಡು ಹೋದದ್ದು ನನ್ನನ್ನೇ. ಭಾವ ತನ್ನ ಕೆಮ್ಮುವ ಟ್ರ್ಯಾಕ್ಟರನ್ನು ಹೊಗೆ ಬಿಡುತ್ತ ತಂದು ನಿಲ್ಲಿಸಿದ. ನಂಬರಿನ ಫಲಕಗಳನ್ನು ಬಿಚ್ಚಿ ಆಚೆಯದು ಈಚೆಗೆ, ಈಚೆಯದು ಆಚೆಗೆ ಬಿಗಿದರು. ಅವಳು ಗಂಡ ಕಟ್ಟಿದ್ದ ಗೆಜ್ಜೆಯ ಸರವನ್ನು ಟ್ರ್ಯಾಕ್ಟರಿನ ಮೂತಿಯಿಂದ ಬಿಚ್ಚತೊಡಗಿದಳು.

"ಅದೂ ಇರ್ಲಿ ಬಿಡವಾ," ಎಂದ ಭಾವ, ಬಹಳ ಮೆತ್ತಗೆ. "ಗಾಡಿಗೆ ಒಪ್ಪತೈತಿ. ನನ್ನ ತಮ್ಮ ಛಂದ ಇಟ್ಟಿದ್ದ."

ಅವಳ ದೊಡ್ಡ ಮಗಳು ಗಾಲಿಯ ಹತ್ತಿರ ಕುಳಿತು ಮಣ್ಣು ಕೆರೆಯುತ್ತಿದ್ದಳು. ತಾಯಿ ಅವಳ ರಟ್ಟೆ ಹಿಡಿದು ಎಬ್ಬಿಸಿ ಪಕ್ಕಕ್ಕೆ ನಿಲ್ಲಿಸಿಕೊಂಡಳು. ಗೆಜ್ಜೆ ಸದ್ದು ಮಾಡುತ್ತ ಟ್ರ್ಯಾಕ್ಟರು ಹೊರಟುಹೋಯಿತು. ನಾನು ಉಳಿದದ್ದರ ಕೆಳಗೆ ತೂರಿ ಪೆನ್ಸಿಲು ಉಜ್ಜಿದೆ. ಕಾಗದಕ್ಕೂ ಕಬ್ಬಿಣಕ್ಕೂ ಮೊದಲ ಸಲ ಪೂರಾ ತಾಳೆಯಾಯಿತು. ಗುಮಾಸ್ತ ನನ್ನ ಕೆಲಸ ಮೆಚ್ಚಿ ಚಹಾ ಕುಡಿಸಿದ, ನಾನು ಕುಡಿದೆ.

ಆ ಹಾಳು ಟ್ರ್ಯಾಕ್ಟರನ್ನು ನಂಬಿ ಯಾವ ಡ್ರೈವರನೂ ಅವಳಲ್ಲಿ ನಿಲ್ಲಲಿಲ್ಲ. ಏರಿನಲ್ಲಿ ಕಬ್ಬಿನ ಹೇರು ಸಮೇತ ನಿಂತುಬಿಡುವ ಗಾಡಿಯನ್ನು ಯಾರು ಓಡಿಸುತ್ತಾರೆ. ಅವಳೇ ಓಡಿಸುವುದನ್ನು ಕಲಿತಳೆಂದು ಸಂತೆಯಲ್ಲಿ ಯಾರೋ ಹೇಳಿ ನಕ್ಕರು. ಎರಡು ವರ್ಷದ ಮೇಲೆ ಲೈಸೆನ್ಸಿಗೆಂದು ಕಚೇರಿಗೆ ಬಂದಳು. ಮರದ ಕೆಳಗೆ ಆಗ ಏಳು ಮೇಜುಗಳಿದ್ದವು. ಸವದತ್ತಿಯ ಕಡೆಯ ಒಬ್ಬ ಏಜೆಂಟ್ "ಬರ್ರಿ ಅಕ್ಕಾರ, ಕುಂದರ್ರಿ" ಎಂದು ಕರೆದ. ಅವಳು ಆರನ್ನೂ ದಾಟಿ ನನ್ನ ಮುಂದೆ ಬಂದು ಕುಳಿತಳು. ಕೈಯ ಗೆಣ್ಣುಗಳಲ್ಲಿ ತೊಳೆದರೂ ಹೋಗದ ಗ್ರೀಸು ಇತ್ತು.

"ಏಜೆಂಟರ, ಫಾರ್ಮ್ ತುಂಬ್ರಿ," ಎಂದಳು. ಅಣ್ಣಾರ ಅನ್ನುವುದು ಮುಗಿದಿತ್ತು.

ತುಂಬಿದೆ. ಸಹಿಗೆಂದು ಮುಂದೆ ಚಾಚಿದರೆ ಅವಳು ಪೆನ್ನು ಮುಟ್ಟಲಿಲ್ಲ.

"ಓದ್ರಿ."

"ಎಲ್ಲಾ ಬರೋಬರಿ ಐತಿ."

"ಬರೋಬರಿ ಇದ್ರ ಓದಾಕೇನ ಧಾಡಿ? ಜೋರಾಗಿ ಓದ್ರಿ, ಮಂದಿ ಕೇಳ್ಲಿ."

ಸಾಲಿನಲ್ಲಿದ್ದವರು ತಿರುಗಿ ನೋಡಿದರು. ನಾನು ಅವಳ ಹೆಸರು, ತೀರಿಕೊಂಡ ಗಂಡನ ಹೆಸರು, ಊರು, ವಯಸ್ಸು, ರಕ್ತದ ಗುಂಪು, ಎಲ್ಲವನ್ನೂ ಶಾಲೆಯ ಹುಡುಗನಂತೆ ಓದಿ ಒಪ್ಪಿಸಿದೆ. ಫೋಟೋವನ್ನು ತನ್ನೆದುರಿಗೇ ಅಂಟಿಸಬೇಕೆಂದಳು. "ನನ್ನ ಮಾರಿ ಇನ್ಯಾರದರ ಕಾಗದಕ್ಕ ಹೋದೀತು," ಎಂದಳು. ಮರದ ಕೆಳಗಿದ್ದವರೆಲ್ಲ ನಕ್ಕರು. ನೇಕಾರ ನಕ್ಕಂತೆ ನಾನೂ ನಕ್ಕೆ.

ಸಹಿ ಮಾಡುವ ಮೊದಲು ಅವಳ ಬೆರಳು ಅರ್ಜಿಯ ಕೆಳಭಾಗದಲ್ಲಿ ಒಂದು ಖಾಲಿ ಸಾಲಿನ ಮೇಲೆ ನಿಂತಿತು.

"ಇಲ್ಲೇನ ಬರೀಬೇಕ್ರಿ?"

"ಏನೂ ಬ್ಯಾಡ. ಅದು ಖಾಲಿ ಬಿಡೋದು."

"ಹೌದ್ರಿ?" ಎಂದಳು. "ನಾ ಅಂದ್ಕೊಂಡಿದ್ದೆ, ನಿಮಗ ಒಂದ ಸಾಲು ಬರಿಯಾಕ ಬರೂದಿಲ್ಲಂತ."

ಸಹಿ ಮಾಡಿ ಎದ್ದು ಟೆಸ್ಟಿಗೆ ಹೋದಳು. ಅರ್ಜಿಯಲ್ಲಿ ಖಾಲಿ ಸಾಲು ಉಳಿದರೆ ಯಾರಾದರೂ ಅಲ್ಲಿ ಏನಾದರೂ ಬರೆದಾರೆಂದು ಅಡ್ಡಗೆರೆ ಎಳೆದು ಕೊಡುವುದು ನಮ್ಮ ಕಸುಬಿನ ರೂಢಿ. ನಾನು ಸ್ಕೇಲು ಇಟ್ಟು ಗೆರೆ ಎಳೆದು, ಒಳಗೆ ಕಳಿಸಿ, ಮುಂದಿನವರನ್ನು ಕರೆದೆ.