ನನ್ನ ಮುಂಗೈ ಏನೂ ಹೇಳಲಿಲ್ಲ

ಹಿಮ್ಮಡಿಗೆ ಒಂದು ಮುಲಾಮು, ತುಟಿಗೆ ಇನ್ನೊಂದು, ಕಣ್ಣಿನ ಕೆಳಗಿನ ಎರಡು ಬೆರಳಗಲದ ಜಾಗಕ್ಕೆ ಮತ್ತೂ ಒಂದು ಡಬ್ಬಿ ಇರುತ್ತದೆ ಎಂದು ನನಗೆ ತಿಳಿದದ್ದು ಬೀದರಿಗೆ ಬಂದ ಮೊದಲನೆಯ ದಿನ. ನಾನು ಕೆಲಸಕ್ಕೆ ಸೇರಿದ ಅಂಗಡಿಯ ಮೂರು ಗೋಡೆಗಳೂ ನೆಲದಿಂದ ಛತ್ತಿನವರೆಗೆ ಬರೀ ಡಬ್ಬಿ, ಬಾಟಲಿ, ಟ್ಯೂಬು. ಬಂದ ಮೊದಲ ಗಿರಾಕಿ ಕಾಲಿನ ಕ್ರೀಮು ಕೇಳಿದಳು. ನಾನು ಕೈಯದು ಕೊಟ್ಟೆ. ಅವಳು ನನ್ನ ಮುಖ ನೋಡಿ ನಕ್ಕು, ‘ಭೈಯಾ, ಯಾವ ಊರಿನವ್ರು?’ ಎಂದು ಕೇಳಿದಳು.

ನನ್ನ ಹಳ್ಳಿ ಡಾಬಕಾದ ನಮ್ಮ ಮನೆಯಲ್ಲಿ ಆರು ಮಂದಿಗೆ ಒಂದೇ ಸಾಬೂನು. ಅದು ಬಚ್ಚಲ ಗೋಡೆಯ ಗೂಡಿನಲ್ಲಿ ಇರುತ್ತಿತ್ತು. ಸವೆದು ತೆಳ್ಳಗಾದ ಮೇಲೆ ಅದನ್ನು ಹೊಸ ಸಾಬೂನಿನ ಬೆನ್ನಿಗೆ ಒತ್ತಿ ಅಂಟಿಸುತ್ತಿದ್ದೆವು. ಮೈ, ಮುಖ, ತಲೆ, ಅವಸರವಿದ್ದರೆ ಅಂಗಿಯ ಕಾಲರು, ಎಲ್ಲಕ್ಕೂ ಅದೇ. ಯಾರಿಗಾದರೂ ಬೇರೆ ಸಾಬೂನು ತೆಗೆದರೆ ಅವರು ಬೀಗರಾಗಿರಬೇಕು, ಇಲ್ಲವೇ ರೋಗಿಯಾಗಿರಬೇಕು.

ಔರಾದ ತಾಲ್ಲೂಕಿನಿಂದ ಬೀದರಿಗೆ ಹೋಗುವುದೂ ಒಂದು ವಲಸೆಯೇ ಎಂದು ನೀವು ನಗಬಹುದು. ಬಸ್ಸಿಗೆ ಅದು ದೂರವಲ್ಲ. ಏಳನೆಯ ತರಗತಿಗೆ ಸಾಲೆ ಬಿಟ್ಟು, ಹೊಲದ ಕೆಲಸ ಬಿಟ್ಟರೆ ಬೇರೆ ಗೊತ್ತಿಲ್ಲದವನಿಗೆ ದೂರ. ನಮ್ಮೂರು ಮಹಾರಾಷ್ಟ್ರದ ಗಡಿಯ ಬದಿಗಿದೆ. ಮನೆಯಲ್ಲಿ ಅರ್ಧ ಕನ್ನಡ, ಅರ್ಧ ಮರಾಠಿ. ಇಲ್ಲಿಯ ಬಜಾರದಲ್ಲಿ ದಖನಿ ಉರ್ದು. ಮೊದಲ ಆರು ತಿಂಗಳು ನಾನು ಬಾಯಿ ಬಿಟ್ಟರೆ ಯಾರಾದರೂ ನಗುತ್ತಿದ್ದರು. ಬೀದರಿನ ಅಂಚಿನ ನೌಬಾದದಲ್ಲಿ ಒಂದು ಬಾಡಿಗೆ ಕೋಣೆ ಸಿಕ್ಕಿತು. ಅದರ ಕಿಟಕಿ ಪಕ್ಕದ ಮನೆಯ ಗೋಡೆಗೆ ತೆರೆಯುತ್ತದೆ. ರವಿವಾರ ಅಂಗಡಿ ಅರ್ಧ ದಿನ. ಉಳಿದರ್ಧ ದಿನ ನಾನು ಖಾಲಿ ಡಬ್ಬಿಗಳನ್ನು ಮುಂದಿಟ್ಟುಕೊಂಡು ಇಂಗ್ಲಿಷ್ ಅಕ್ಷರ ಕೂಡಿಸಿ ಓದುತ್ತಿದ್ದೆ. ಮಾತಾಡಲು ಯಾರೂ ಇರಲಿಲ್ಲ, ಅದಕ್ಕೆ ಜೋರಾಗಿಯೇ ಓದುತ್ತಿದ್ದೆ. ಹೆಸರು, ಬೆಲೆ ಓದಲು ಬಂತು. ಹಿಂದಿನ ಬದಿಯ ಸಣ್ಣ ಅಕ್ಷರ ಮಾತ್ರ ಕೊನೆಗೂ ಬರಲಿಲ್ಲ.

ಇಲ್ಲಿ ಕಲಿತ ಮೊದಲ ಹೊಸ ಮಾತು ‘ನಾಜುಕ್’. ಹೂವಿನ ಎಸಳಿನಂತೆ ಬೇಗ ನೋಯುವಂಥದ್ದು ಎಂದರ್ಥ. ಒಳ್ಳೆಯ ಮನೆಯ ಹೆಂಗಸರು ಬಂದು, ‘ನಮ್ ಹುಡುಗೀದು ನಾಜುಕ್ ಚಮಡಿ ಅದ, ನೋಡಿ ಕೊಡ್ರಿ’ ಎಂದು ಸ್ವಲ್ಪ ಹೆಮ್ಮೆಯಿಂದ ಹೇಳುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ನನಗೆ ತಂಗಿ ಸುಜಾತಾಳ ನೆನಪಾಗುತ್ತಿತ್ತು. ಅವಳ ಚರ್ಮವೂ ಅಂಥದ್ದೇ. ಸಾಬೂನು ತಾಕಿದರೆ ಕೆನ್ನೆಯ ಮೇಲೆ ತುರಿಸುವ ಕೆಂಪು ಗಂಧೆ ಏಳುತ್ತಿದ್ದವು. ಮದುವೆಯಲ್ಲಿ ಅರಿಶಿನ ಹಚ್ಚಿದಾಗಲೂ ಎದ್ದಿದ್ದವು. ಆದರೆ ನಮ್ಮ ಮನೆಯಲ್ಲಿ ಅದಕ್ಕೆ ಇದ್ದ ಹೆಸರು ‘ನಖರಾ’. ‘ರಾಣೀಸಾಹೇಬ್ರು ಬಂದ್ರು, ಸಾಬೂನ ತೊಳದು ಇಡ್ರಿ’ ಎಂದು ನಾನೇ ಅಣಕಿಸುತ್ತಿದ್ದೆ. ಅವಳು ಬರೀ ನೀರಿನಲ್ಲಿ ಮುಖ ತೊಳೆದು ಎದ್ದು ಹೋಗುತ್ತಿದ್ದಳು.

ಅಂಗಡಿಯ ಮಾಲಕರು ನನಗೆ ಕಲಿಸಿದ ವಿದ್ಯೆ ಒಂದೇ. ‘ಗಿರಾಕಿ ಅನುಮಾನ ಮಾಡಿದ್ರ ಮಾತಾಡಬ್ಯಾಡ. ನಿನ್ನ ಮುಂಗೈಗೆ ಹಚ್ಚಿ ತೋರ್ಸು. ಆಕಿ ಮುಂದ ಐದು ಮಿನಿಟ ಹಂಗೇ ಇರು.’ ನಾನು ಹಾಗೇ ಮಾಡಿದೆ. ನನ್ನ ಮುಂಗೈ ಬಿಸಿಲಿನಲ್ಲಿ ಬೆಂದದ್ದು, ಸೋಯಾ ಕೊಯ್ದದ್ದು. ಅದಕ್ಕೆ ಏನು ಹಚ್ಚಿದರೂ ಏನೂ ಆಗುತ್ತಿರಲಿಲ್ಲ. ಗಿರಾಕಿಗಳು ನೋಡಿ ನಂಬುತ್ತಿದ್ದರು. ದಿನಾ ತೋರಿಸಿ ತೋರಿಸಿ ನಾನೂ ನಂಬಿದೆ. ಎರಡನೆಯ ವರ್ಷಕ್ಕೆ ಅವರು ನನ್ನನ್ನು ‘ಡಾಕ್ಟರ್ ಭೈಯಾ’ ಎಂದು ಕರೆಯತೊಡಗಿದರು. ಆ ದಿನ ನಾನು ಕೋಣೆಗೆ ಹೋಗುವಾಗ ಭಜಿ ಕಟ್ಟಿಸಿಕೊಂಡು ಹೋದೆ. ಊರಿಗೆ ಫೋನು ಮಾಡಿ ಅವ್ವನಿಗೂ ಹೇಳಿದೆ.

ಸುಜಾತಾಳನ್ನು ಭಾಲ್ಕಿಗೆ ಕೊಟ್ಟಿದ್ದೇವೆ. ಅಲ್ಲಿ ಅವಳು ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾಳೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಲೆಯ ಮುಂದೆ. ನನಗೂ ವಾರಕ್ಕೊಮ್ಮೆ ಬಿಳಿ ಬಟ್ಟೆಯಲ್ಲಿ ಕಟ್ಟಿ ಬೀದರ ಬಸ್ಸಿನಲ್ಲಿ ಕಳಿಸುತ್ತಿದ್ದಳು. ಒಂದು ಚಳಿಗಾಲ ಅವಳ ಮುಖ ಒಡೆದು ತುರಿಕೆ ಎದ್ದಿತು. ಗಂಡನ ಮನೆಯ ಸಾಬೂನು ಆಗಲಿಲ್ಲ, ಕಡಲೆಹಿಟ್ಟು ಆಗಲಿಲ್ಲ, ಕೊಬ್ಬರಿ ಎಣ್ಣೆಯೂ ಆಗಲಿಲ್ಲ. ಫೋನು ಮಾಡಿದಳು.

‘ದಾದಾ, ನಿನ್ನ ಅಂಗಡ್ಯಾಗ ಸಾವಿರ ಡಬ್ಬಿ ಅವ ಅಂತಿ. ನನ್ನ ಒಂದು ಮಾರಿಗಿ ಹೊಂದೂದು ಒಂದರ ಇಲ್ಲೇನು?’

‘ಯಾಕಿಲ್ಲ? ನಾಳಿಗೇ ಕಳಸ್ತೇನಿ ನೋಡು.’

‘ಉರೀಬಾರ್ದು ನೋಡಪಾ.’

‘ನಾನೇ ಹಚ್ಕೊಂಡು ನೋಡೀನಿ. ಏನೂ ಆಗಂಗಿಲ್ಲ.’

ನಾನು ಕಳಿಸಿದ್ದು ಒಂದು ಬಿಳಿ ಟ್ಯೂಬು. ಅದರ ಎಡ ಅಂಚಿನಲ್ಲಿ ಉದ್ದಕ್ಕೆ ಒಂದು ಕೆಂಪು ಗೆರೆ. ಸಾಬೂನು, ಪೌಡರಿನ ಜೊತೆಗೆ ಒಬ್ಬ ಏಜೆಂಟ ತಂದು ಕೊಡುತ್ತಿದ್ದ. ಹಚ್ಚಿದರೆ ಮೂರೇ ದಿನದಲ್ಲಿ ಮುಖ ತಿಳಿಯಾಗುತ್ತಿತ್ತು. ಕೆಂಪು ಗೆರೆ ಇದ್ದರೆ ಅಸಲಿ ಮಾಲು ಎಂದು ನಾನೇ ತಿಳಿದುಕೊಂಡು, ಗಿರಾಕಿಗಳಿಗೂ ಬೆರಳಿಟ್ಟು ತೋರಿಸುತ್ತಿದ್ದೆ. ಡಾಕ್ಟರ ಚೀಟಿ ಇಲ್ಲದೆ ಮಾರಬಾರದು, ಹಚ್ಚಬಾರದು ಎಂದು ಹೇಳುವ ಗೆರೆ ಅದು ಎಂದು ಯಾರೂ ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ನಾಲ್ಕನೆಯ ದಿನ ಸುಜಾತಾ ಫೋನಿನಲ್ಲಿ ನಕ್ಕಳು. ‘ಜಾದು ಆಗ್ಯದ ದಾದಾ. ನಮ್ಮ ಅತ್ತಿ ಕೇಳ್ಲತ್ತಾಳ, ಎಲ್ಲಿ ತರಿಸ್ದಿ ಅಂತ.’ ಜೀವನದಲ್ಲಿ ಮೊದಲ ಸಲ ನನ್ನಿಂದ ಅವಳಿಗೆ ಒಂದು ಉಪಯೋಗವಾಯಿತು ಎಂದುಕೊಂಡೆ. ಒಂದು ವರ್ಷದ ಹತ್ತಿರ ಟ್ಯೂಬು ಕಳಿಸುತ್ತಲೇ ಹೋದೆ.

ಇಷ್ಟೇ ಆಗಿದ್ದರೆ ಗೊತ್ತಿಲ್ಲದೆ ಮಾಡಿದ ತಪ್ಪು ಎನ್ನಬಹುದಿತ್ತು. ಹಾಗಲ್ಲ. ನಡುವೆ ಒಂದು ದಿನ ಮನ್ನಳ್ಳಿಯ ಒಬ್ಬ ಹೆಂಗಸು ಮಗಳನ್ನು ಕರೆದುಕೊಂಡು ಬಂದಿದ್ದಳು. ಹುಡುಗಿ ಓಢಣಿಯನ್ನು ಮೂಗಿನವರೆಗೆ ಕಟ್ಟಿಕೊಂಡಿದ್ದಳು. ತಾಯಿ ಅದನ್ನು ಸರಿಸಿದಾಗ ಕೆನ್ನೆ ಸುಟ್ಟ ಹಾಗೆ ಕೆಂಪಗಿತ್ತು, ಒಳಗಿನ ಸಣ್ಣ ನರಗಳು ಕಾಣುತ್ತಿದ್ದವು. ‘ಟ್ಯೂಬ್ ಬಿಟ್ರ ಹಿಂಗ ಆಗ್ತದ್ರಿ, ಹಚ್ಚಿದ್ರ ಆರಾಮ. ಇದೇನ್ರಿ ಭೈಯಾ?’ ಎಂದಳು. ‘ನೀರಿಂದು ಇರ್ಬೇಕ್ರಿ’ ಎಂದೆ. ಇನ್ನೊಂದು ಟ್ಯೂಬು ಕೊಟ್ಟು ಕಳಿಸಿದೆ. ಆ ಸಂಜೆಯೇ ಭಾಲ್ಕಿಗೆ ಫೋನು ಮಾಡಿ ‘ಬಿಟ್ಟುಬಿಡು’ ಎನ್ನಬಹುದಿತ್ತು. ಫೋನು ಕೈಯಲ್ಲಿ ತೆಗೆದುಕೊಂಡೆ ಕೂಡ. ಹಾಗೆ ಹೇಳಿದರೆ ನಾನು ಡಾಕ್ಟರ್ ಭೈಯಾ ಆಗಿ ಉಳಿಯುವುದಿಲ್ಲ ಅನ್ನಿಸಿ ಸುಮ್ಮನಾದೆ.

ಆಮೇಲೆ ಎರಡು ವಾರ ಏಜೆಂಟ ಬರಲಿಲ್ಲ, ಟ್ಯೂಬು ಸಿಗಲಿಲ್ಲ. ಸುಜಾತಾಳ ಮುಖ ಊದಿತು. ಒಲೆಯ ಮುಂದೆ ಕೂತರೆ ಖಾರ ಅರೆದು ಹಚ್ಚಿದ ಹಾಗೆ ಉರಿ. ಬಿಸಿಲಿಗೆ ಹೋದರೂ ಅದೇ. ಅವಳ ಗಂಡ ಬಸ್ಸು ಹತ್ತಿಸಿ ಕಳಿಸಿದ. ಬೀದರ ಬಸ್‌ಸ್ಟ್ಯಾಂಡಿನಲ್ಲಿ ಇಳಿದವಳನ್ನು ನಾನು ಗುರುತು ಹಿಡಿದದ್ದು ಅವಳ ಕೈಚೀಲದಿಂದ.

ಚರ್ಮದ ಡಾಕ್ಟರಮ್ಮ ವಯಸ್ಸಾದವರು. ಟ್ಯೂಬನ್ನು ತಿರುಗಿಸಿ ನೋಡಿ ಮೇಜಿನ ಮೇಲೆ ಇಟ್ಟರು.

‘ಇದ್ರಾಗ ಸ್ಟೆರಾಯ್ಡ್ ಅದ. ಬೆಂಕಿ ಆರಸಂಗಿಲ್ಲ ಇದು, ಮುಚ್ಚಿ ಇಡ್ತದ. ಅಷ್ಟರಾಗ ಚರ್ಮ ಕಾಗದದಂಗ ಆಗ್ತದ. ಯಾರ್ ಕೊಟ್ರು ನಿನಗ?’

ಸುಜಾತಾ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. ‘ಭಾಲ್ಕಿದಾಗ ಯಾವುದೋ ಅಂಗಡ್ಯಾಗ ತಗೊಂಡಾಳ್ರಿ.’

ಸುಜಾತಾ ನನ್ನ ಕಡೆ ನೋಡಿದಳು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, ‘ಹೌದ್ರಿ. ನಾನೇ ತಗೊಂಡಿದ್ದೆ’ ಎಂದಳು.

‘ಓದ್ಲಿಕ್ಕಿ ಬರ್ತದಿಲ್ಲ? ಇಷ್ಟರ ಅಕಲ್ ಬ್ಯಾಡೇನು?’ ಎಂದು ಡಾಕ್ಟರಮ್ಮ ಅವಳನ್ನು ಬೈದರು. ನನಗೆ ಬರಬೇಕಾದ ಬೈಗುಳವನ್ನು ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ನಾನು ಪಕ್ಕದ ಕುರ್ಚಿಯಲ್ಲಿ ಕೂತೇ ಇದ್ದೆ.

ಹೊರಗೆ ಬಂದ ಮೇಲೆ ‘ಚಾ ಕುಡಿಯೋಣ ನಡಿ ದಾದಾ’ ಎಂದಳು. ಹೋಟೆಲಿನಲ್ಲಿ ಒಲೆಗೆ ಬೆನ್ನು ಮಾಡಿ ಕೂತಳು.

‘ಯಾಕ ಹಂಗಂದಿ?’ ಎಂದು ಕೇಳಿದೆ.

‘ನೀ ಯಾಕ ಅಂದಿ?’

ನಾನು ಚಾದ ಮೇಲಿನ ಕೆನೆ ಬೆರಳಿನಿಂದ ತೆಗೆದೆ. ಅವಳೇ ಹೇಳಿದಳು. ‘ನಿನ್ನ ಕೆಲಸ ಹೋದ್ರ ಅವ್ವಗ ಯಾರ್ ನೋಡ್ತಾರ? ಚಾ ಆರ್ತದ, ಕುಡಿ.’

ಡಾಕ್ಟರಮ್ಮ ಹೇಳಿದ್ದು ಸರಳ. ಟ್ಯೂಬು ಮುಟ್ಟಬಾರದು. ಬಿಟ್ಟ ಮೇಲೆ ಮೊದಲು ಉರಿ ಹೆಚ್ಚಾಗುತ್ತದೆ, ಎಷ್ಟು ತಿಂಗಳು ಎಂದು ಹೇಳಲಾಗದು. ಸಾಬೂನು ಬೇಡ. ವಾಸನೆ ಇಲ್ಲದ, ಬಣ್ಣ ಇಲ್ಲದ ಒಂದು ಸಾದಾ ಕ್ರೀಮು ಬರೆದುಕೊಟ್ಟಿದ್ದರು. ಅದೂ ಸುಜಾತಾಳಿಗೆ ಉರಿಯಿತು. ಸಾವಿರ ಡಬ್ಬಿಗಳ ನಡುವೆ ನಿಂತು ನಾನು ಅವಳಿಗೆ ಹೊಂದುವ ಒಂದನ್ನು ಹುಡುಕತೊಡಗಿದೆ. ಕೂಸುಗಳ ಸಾಬೂನು, ಲೋಳಸರದ ಜೆಲ್ಲು, ಔಷಧಿ ಅಂಗಡಿಯ ದುಬಾರಿ ಬಾಟಲಿ. ಮೊದಲು ನನ್ನ ಮುಂಗೈ ಮೇಲೆ ಪೆನ್ನಿನಿಂದ ಗೆರೆ ಎಳೆದು, ಗೆರೆಗೊಂದು ಹಚ್ಚಿ ಎರಡು ದಿನ ಕಾಯುತ್ತಿದ್ದೆ. ಯಾವ ಗೆರೆಯಲ್ಲೂ ಏನೂ ಏಳಲಿಲ್ಲ. ಒಂದು ಗಂಧೆಯಾದರೂ ಏಳಲಿ, ಇದು ಬೇಡ ಎಂದಾದರೂ ತಿಳಿಯಲಿ ಎಂದು ಉಗುರಿನಿಂದ ಕೆರೆದು ಹಚ್ಚಿದೆ. ಆಗಲೂ ಇಲ್ಲ. ಅದೇ ಕ್ರೀಮು ಭಾಲ್ಕಿಗೆ ಹೋದರೆ ಸಂಜೆಗೆ ಫೋನು. ‘ಇದೂ ಬ್ಯಾಡ ದಾದಾ.’

ಒಂದು ದಿನ ಅವಳು ಬೇರೆಯದನ್ನೇ ಕೇಳಿದಳು. ‘ಆ ಟ್ಯೂಬೇ ಕಳಸು. ಒಂದೇ ಒಂದು. ರೊಟ್ಟಿ ಬಡ್ಯಾಕ ಆಗಲ್ದು. ಖಾನಾವಳಿಯವ್ರು ಬ್ಯಾರೆದವ್ರಿಗಿ ಹೇಳ್ಯಾರ.’

‘ಡಾಕ್ಟರ್ ಬ್ಯಾಡ ಅಂದಾರಲ್ಲ ಸುಜಿ.’

‘ಕೊಡುವಾಗ ಡಾಕ್ಟರಿಗಿ ಕೇಳಿದ್ದೇನು?’

ನಾನು ಕಳಿಸಲಿಲ್ಲ. ಧೈರ್ಯದಿಂದ ಬೇಡ ಎಂದು ಹೇಳಲೂ ಇಲ್ಲ. ಫೋನು ಬಂದ್ ಮಾಡಿ ಇಟ್ಟೆ. ಎರಡು ದಿನ. ಮೂರನೆಯ ದಿನ ಅವಳ ಗಂಡ ಅಂಗಡಿಯ ಫೋನಿಗೆ ಮಾಡಿ, ಅವಳು ಡಾಬಕಾಕ್ಕೆ ಅವ್ವನ ಹತ್ತಿರ ಹೋಗಿದ್ದಾಳೆ ಎಂದ.

ಮಾಲಕರಿಗೆ ಆ ಟ್ಯೂಬು ಇಡುವುದು ಬೇಡ ಎಂದು ಹೇಳಿ ನೋಡಿದೆ. ‘ನೀ ಖರೇನೇ ಡಾಕ್ಟರ್ ಆಗೀಯೇನಪಾ? ನಾವು ಬಿಟ್ರ ಬಾಜೂ ಅಂಗಡ್ಯಾಗ ಒಯ್ತಾರ’ ಎಂದರು. ಈಗ ಯಾರಾದರೂ ಕೇಳಿದರೆ, ಮಾಲಕರು ಇಲ್ಲದಾಗ, ‘ಖಲಾಸ್ ಆಗ್ಯದ್ರಿ’ ಎನ್ನುತ್ತೇನೆ. ಗಿರಾಕಿಗಳು ಇಳಿದು ಬಾಜೂ ಅಂಗಡಿಗೆ ಹೋಗುವುದನ್ನು ಕೌಂಟರಿನಿಂದಲೇ ನೋಡುತ್ತೇನೆ. ಮಾಲಕರು ಇದ್ದಾಗ ಕೊಡುತ್ತೇನೆ. ಇದನ್ನೂ ಬರೆಯದಿದ್ದರೆ ಉಳಿದದ್ದು ಬರೆದು ಉಪಯೋಗವಿಲ್ಲ.

ಹೋದ ತಿಂಗಳು ಎರಡು ದಿನದ ರಜೆ ಹಾಕಿ ಊರಿಗೆ ಹೋದೆ. ನಾನು ಬಂದಿದ್ದೇನೆಂದು ತಿಳಿದು ಓಣಿಯ ನಾಲ್ಕು ಹೆಂಗಸರು ಕಟ್ಟೆಗೆ ಬಂದು ಕೂತರು. ಪಕ್ಕದ ಮನೆಯ ಶೇವಂತಾ ಕಾಕು ಮುಂದೆ. ಸುಜಾತಾ ಒಳಗೆ ಕತ್ತಲಲ್ಲಿ ಕೂತಿದ್ದಳು.

‘ಬೀದರದ ಡಾಕ್ಟರ್ ಬಂದಾರ’ ಎಂದಳು ಕಾಕು. ‘ಏ, ನಮ್ಮ ಸೊಸಿಗಿ ಒಂದು ತಂದು ಕೊಡೋ. ಹೋದ ಬ್ಯಾಸಗಿಗಿ ಸುಜಿ ಬಂದಾಗ ಮಾರಿ ಹ್ಯಾಂಗ ಹೊಳೀತಿತ್ತು! ಅದೇ ಕ್ರೀಮ್. ತಂಗಿಗಿ ಅಷ್ಟೇ ಕೊಡ್ತೀಯೇನು? ನಾವೇನು ಊರ ಹೊರಗಿನವ್ರಾ?’

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಆಗ ಸುಜಾತಾ ಒಳಗಿನಿಂದ ಎದ್ದು ಬಂದಳು. ಬಿಸಿಲಿಗೆ ನಿಂತು, ಮುಖದ ಮೇಲಿನ ಸೆರಗು ತೆಗೆದಳು. ‘ನೋಡ್ರಿ. ಅದೇ ಕ್ರೀಮಿಂದು’ ಎಂದಳು.

ಯಾರೋ ‘ಅಯ್ಯಯ್ಯೋ’ ಎಂದರು. ಕಾಕು ಬಾಯಿಗೆ ಕೈ ಇಟ್ಟಳು. ‘ಯಾರ್ ಕೊಟ್ಟಿದ್ರೇ ಇದು?’

ಈ ಸಲ ಸುಜಾತಾ ನನ್ನ ಕಡೆ ನೋಡಲಿಲ್ಲ.

‘ನಾ ಕೊಟ್ಟಿದ್ದು ಕಾಕು’ ಎಂದೆ. ‘ನನ್ನ ಅಂಗಡೀದು. ಬ್ಯಾರೆದವ್ರ ಮಾರಿ ಹಿಂಗಾಗಿದ್ದು ನೋಡಿನೂ ಕೊಟ್ಟೆ. ಡಾಕ್ಟರ ಮುಂದ ಸುಳ್ಳು ಹೇಳ್ದೆ.’

ಬೈಯುತ್ತಾರೆ ಎಂದುಕೊಂಡಿದ್ದೆ. ಅವ್ವ ಒಳಗಿನಿಂದ ಕೇಳಿಸಿಕೊಂಡಳು. ಕಾಕು ಸ್ವಲ್ಪ ಹೊತ್ತು ಸುಜಾತಾಳ ಕೆನ್ನೆಯನ್ನೇ ನೋಡಿ, ಆಮೇಲೆ ನನಗೆ ಕೇಳಿದಳು. ‘ಆತಪಾ, ಅದು ಬ್ಯಾಡ. ಹಂಗಾದ್ರ ಏನ್ ಹಚ್ಚಬೇಕು? ಅದರ ಹೇಳು.’

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಸುಜಾತಾಳೂ ನೋಡುತ್ತಿದ್ದಳು. ಅವಳಿಗೂ ಅದೇ ಬೇಕಾಗಿತ್ತು.

‘ನನಗ ಗೊತ್ತಿಲ್ಲ ಕಾಕು.’

‘ಇಷ್ಟು ವರ್ಷ ಬೀದರದಾಗ ಏನ್ ಕಲ್ತಿ ಮತ್ತ?’

ಯಾರೋ ನಕ್ಕರು. ಸುಜಾತಾಳಿಗೂ ನಗು ಬಂತು. ನಕ್ಕರೆ ಕೆನ್ನೆ ಬಿರಿಯುತ್ತದೆ, ಅಂಗೈಯಿಂದ ಒತ್ತಿ ಹಿಡಿದುಕೊಂಡು ಒಳಗೆ ಹೋದಳು.

ಹೆಂಗಸರು ಎದ್ದು ಹೋದ ಮೇಲೆ ಅವ್ವ ಹೊರಗೆ ಬಂದಳು. ನಾನು ಹೊರಡುವಾಗ ನೌಬಾದದ ಕೋಣೆಯ ಮಾಲಕರು, ‘ಊರಿಗಿ ಹೋದ್ರ ತಿರುಗಿ ಯಾವಾಗ ಬರ್ತಿ?’ ಎಂದು ಕೇಳಿ ಕೀಲಿ ಇಸಿದುಕೊಂಡಿದ್ದರು. ಅವ್ವ ಅಂಗಳದ ಬಿಸಿಲನ್ನು ಒಮ್ಮೆ ನೋಡಿ, ‘ನಿಂದು ಬಸ್ ಎಷ್ಟಕ್ಕದ?’ ಎಂದಳು. ನಮ್ಮ ಮನೆಯಲ್ಲಿ ಆ ಪ್ರಶ್ನೆಯನ್ನು ಬಂದವರಿಗೆ ಕೇಳುತ್ತಾರೆ, ಮನೆಯವರಿಗೆ ಕೇಳುವುದಿಲ್ಲ. ನನ್ನ ಚೀಲದಲ್ಲಿ ಎರಡು ದಿನ ಉಳಿಯಲು ತಂದ ಬಟ್ಟೆ ಇತ್ತು.

‘ನಾಲ್ಕಕ್ಕ ಅದ ಅವ್ವಾ’ ಎಂದೆ.