ಅಕ್ಕಿ ಮುಡಿಗೆ ಒರಗಿದ ವರ್ಷ

1968 ಜೂನ್ 3, ಸೋಮವಾರ, ಬೆಳಿಗ್ಗೆ ಆರೂವರೆ. ಅಕ್ಕನ ನಾಡಿ ಎಣಿಸಲು ಶುರು ಮಾಡಿದ್ದು ಆವತ್ತು. ನಿಮಿಷಕ್ಕೆ ತೊಂಬತ್ತೆರಡು ಬಂತು. ಗಡಿಯಾರ ಅಪ್ಪಯ್ಯನದು, ಬೆರಳು ನನ್ನದು. ಆಗ ನನಗೆ ಹದಿನೆಂಟು, ಅಕ್ಕನಿಗೆ ಇಪ್ಪತ್ತಮೂರು.

ಚಿಕ್ಕಂದಿನಲ್ಲಿ ಬಂದ ಕೀಲುಜ್ವರ ಅಕ್ಕನ ಹೃದಯದ ಒಂದು ಕವಾಟವನ್ನು ಬಿಗಿ ಮಾಡಿತ್ತು. ಬೈಂದೂರಿನ ಶಾಲೆಯಲ್ಲಿ ಎರಡು ವರ್ಷ ಪಾಠ ಮಾಡಿದವಳು, ಮೆಟ್ಟಿಲು ಹತ್ತಲಾಗದೆ ಹೆಮ್ಮಾಡಿಯ ನಮ್ಮ ಮನೆಗೆ ವಾಪಸು ಬಂದಳು. ಬ್ರಹ್ಮಾವರದ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಮದರಾಸಿನ ಕಡೆಯ ಒಂದು ದೊಡ್ಡ ಆಸ್ಪತ್ರೆಗೆ ಕಾಗದ ಕೊಟ್ಟರು. ಅಲ್ಲಿ ಎಡಪಕ್ಕೆ ತೆರೆದು, ಬಡಿಯುತ್ತಿದ್ದ ಹೃದಯದೊಳಗೇ ಬೆರಳು ಹಾಕಿ ಕವಾಟವನ್ನು ಬಿಡಿಸಿದರು. ಹೊರಡುವ ದಿನ ಕನ್ನಡ ಬಲ್ಲ ನರ್ಸ್ ಒಬ್ಬರು ಒಂದು ಕಟ್ಟು ಕಾರ್ಡು ಕೊಟ್ಟರು. ಈ ಆಪರೇಷನ್ ಆದವರಿಗೆಲ್ಲ ಇದೇ ಪ್ರಶ್ನೆಗಳು, ಎಷ್ಟು ಮಂದಿ ಎಷ್ಟು ಕಾಲ ಚೆನ್ನಾಗಿರುತ್ತಾರೆಂದು ತಿಳಿಯಲು ಎಂದರು. ನಮ್ಮನ್ನು ಖುಷಿಪಡಿಸಲು ಬರೆಯಬೇಡಿ, ಕಂಡದ್ದನ್ನು ಬರೆಯಿರಿ ಎಂದೂ ಹೇಳಿದರು.

ಕಾರ್ಡಿನಲ್ಲಿ ದಿನಕ್ಕೆ ನಾಲ್ಕು ಮನೆ, ಒಂದೊಂದು ಉತ್ತರಕ್ಕೆ ಒಂದೊಂದು ಚೌಕ. ಎದ್ದಾಗಿನ ನಾಡಿ. ಏದುಸಿರು ಬರದೆ ನಡೆದ ಹೆಜ್ಜೆ. ಕಾಲಿನ ಬಾವು. ಮಲಗುವಾಗ ಎಷ್ಟು ತಲೆದಿಂಬು.

ನಾಡಿ ದಿನಕ್ಕೊಂದು ತರಹ ಬರುತ್ತಿತ್ತು. ಹೆಜ್ಜೆ ಮಾತ್ರ ಯಾವತ್ತೂ ನೂರ ಹದಿನೆಂಟು. ಅಂಗಳದ ತುದಿಯಲ್ಲಿ, ಬೇಲಿಯ ಸಂದಿಗೆ ಬಿದಿರ ಗಳು ಅಡ್ಡ ಹಾಕಿದ ದಣಪೆಗೆ ಅಷ್ಟೇ ದೂರ, ಅದನ್ನು ದಾಟಲು ಅಪ್ಪಯ್ಯ ಬಿಡುತ್ತಿರಲಿಲ್ಲ. ದಣಪೆಯ ಅಡ್ಡಗಳುವಿನ ಮೇಲೆ ಕೈಯಿಟ್ಟು, ರಸ್ತೆಯಲ್ಲಿ ಬೈಂದೂರಿನ ಬಸ್ಸು ಹೋಗುವುದನ್ನು ನೋಡಿ ಅವಳು ಹಿಂದಿರುಗುತ್ತಿದ್ದಳು. ತಲೆದಿಂಬಿನ ಮನೆಯಲ್ಲಿ ಸೊನ್ನೆ. ನಮ್ಮ ಮನೆಯಲ್ಲಿ ಯಾರಿಗೂ ತಲೆದಿಂಬಿನ ರೂಢಿ ಇಲ್ಲ, ಚಾಪೆ ಮತ್ತು ಕಂಬಳಿ ಅಷ್ಟೆ.

ನಾನು ಟೀಚರ್ ಟ್ರೈನಿಂಗಿಗೆ ಅರ್ಜಿ ಹಾಕಬೇಕಿತ್ತು. ಬೆಳಿಗ್ಗೆ ಆರೂವರೆಗೆ ನಾಡಿ ಹಿಡಿಯುವವರು ಬೇರೆ ಯಾರು ಎಂದು ಅಮ್ಮ ಕೇಳಿದರು. ಬ್ರಹ್ಮಾವರದಲ್ಲಿ ಚಿಕ್ಕಮ್ಮನ ಮಗಳ ಮದುವೆಯಾದಾಗಲೂ ಊಟ ಮುಗಿಸಿ ಸಂಜೆಯ ಬಸ್ಸಿಗೇ ಬಂದುಬಿಟ್ಟೆ. ಅಕ್ಕನ ಲೆಕ್ಕದ ಪಕ್ಕದಲ್ಲಿ ನನ್ನದನ್ನೂ ಇಟ್ಟಿದ್ದೇನೆ: ಜೂನ್‌ನಿಂದ ಏಪ್ರಿಲ್‌ವರೆಗೆ ಮುನ್ನೂರ ಮೂವತ್ತೆರಡು ದಿನ, ಹೊರಗೆ ಮಲಗಿದ ರಾತ್ರಿ ಸೊನ್ನೆ.

1969 ಮೇ 12ರಂದು ಆಸ್ಪತ್ರೆಯ ಕಾಗದ ಬಂತು. ಹನ್ನೊಂದು ಕಾರ್ಡುಗಳನ್ನು ನೋಡಿದ್ದೇವೆ. ನಡಿಗೆ ಕುಗ್ಗಿಲ್ಲ, ರೋಗಿ ಸಮತಟ್ಟಾಗಿ ಮಲಗುತ್ತಿದ್ದಾರೆ, ಹಗುರ ಕೆಲಸಕ್ಕೆ ಹೋಗಬಹುದು ಎಂದಿತ್ತು. ಅಕ್ಕ ಅದನ್ನು ಮೂರು ಸಲ ಓದಿಸಿದಳು. ಬೈಂದೂರಿನ ಶಾಲೆಯಲ್ಲಿ ಅವಳ ಜಾಗ ಇನ್ನೂ ಖಾಲಿ ಇತ್ತು. ಜೂನ್ ಮೊದಲ ವಾರ ಡಾಕ್ಟರ ಸರ್ಟಿಫಿಕೇಟು ತಂದರೆ ಸೇರಿಸಿಕೊಳ್ಳುತ್ತೇವೆಂದು ಹೆಡ್‌ಮಾಸ್ಟರು ಹೇಳಿ ಕಳಿಸಿದರು. ಬ್ರಹ್ಮಾವರಕ್ಕೆ ಹೋಗಿ ಸರ್ಟಿಫಿಕೇಟು ತರುವ ದಿನವನ್ನೂ ಅಪ್ಪಯ್ಯ ಗೊತ್ತು ಮಾಡಿದರು. ಅಕ್ಕ ಹೋದರೆ ನಾಡಿ ಹಿಡಿಯುವ ಕೆಲಸವೂ ಮುಗಿಯುತ್ತಿತ್ತು. ನಾನು ಟ್ರೈನಿಂಗಿನ ಅರ್ಜಿ ತರಿಸಿಟ್ಟೆ.

ಮೇ 23ರಂದು ಅಮ್ಮ ಒಳಕೋಣೆಯಲ್ಲಿ ಉಳಿದಿದ್ದ ಕೊನೆಯ ಅಕ್ಕಿ ಮುಡಿಯನ್ನು ಬಿಚ್ಚಿದರು. ಅಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಕಟ್ಟಿ, ಉರುಟಾಗಿ ಕೂರಿಸಿದ ಮುಡಿ ಅದು. ನಾನೂ ಅಕ್ಕನೂ ಮಲಗುತ್ತಿದ್ದದ್ದು ಅದೇ ಕೋಣೆಯಲ್ಲಿ. ಮರುದಿನ ಆರೂವರೆಗೆ ನಾಡಿಗೆಂದು ಕೈ ಹಿಡಿದಾಗ ಅಕ್ಕ ಗೋಡೆಗೆ ಬೆನ್ನು ಕೊಟ್ಟು, ಮಂಡಿಯ ಮೇಲೆ ಗದ್ದ ಇಟ್ಟು ಕೂತಿದ್ದಳು. ಕಣ್ಣು ಕೆಂಪಗಿತ್ತು. ನಾಡಿ ನೂರ ಎಂಟು. ನಿದ್ದೆ ಬರಲಿಲ್ಲವೇ ಎಂದು ಕೇಳಿದೆ. ಮುಡಿ ಇರಲಿಲ್ಲವಲ್ಲ, ಅಡ್ಡವಾದರೆ ಉಸಿರು ಕಟ್ಟುತ್ತದೆ ಎಂದಳು. ಬಾಯಾರಿಕೆ ಎನ್ನುವಷ್ಟೇ ಸಲೀಸಾಗಿ ಹೇಳಿದಳು.

ಕಾಯಿಲೆ ಶುರುವಾದಾಗಿನಿಂದ ಅವಳು ಮುಡಿಗೆ ಒರಗಿಯೇ ಮಲಗುತ್ತಿದ್ದಳು. ಒಂದು ಬಿಚ್ಚಿದರೆ ಇನ್ನೊಂದು ಇರುತ್ತಿತ್ತು. ಆಸ್ಪತ್ರೆಯಿಂದ ಬಂದ ಮೇಲೂ ಅಲ್ಲಿಗೇ ಹೋಗಿ ಒರಗಿದಳು. ಅವಳಿಗೂ ಏನೂ ಅನ್ನಿಸಲಿಲ್ಲ, ನನಗೂ ಅನ್ನಿಸಲಿಲ್ಲ. ಬೆಳಿಗ್ಗೆ ಅವಳ ಜಡೆಯಿಂದ ಹುಲ್ಲಿನ ಕಡ್ಡಿ ತೆಗೆದು ಎಸೆದು, ಅದೇ ಕೈಯಿಂದ ಕಾರ್ಡಿನಲ್ಲಿ ಸೊನ್ನೆ ಬರೆದವಳು ನಾನು. ಮುನ್ನೂರ ಮೂವತ್ತೆರಡು ಸೊನ್ನೆ. ತಲೆದಿಂಬಿನ ಬದಲು ಮುಡಿಯನ್ನು ಲೆಕ್ಕಕ್ಕೆ ಹಿಡಿದರೆ ಎರಡೋ ಮೂರೋ ಆಗಬೇಕಿತ್ತು. ಉಸಿರು ಕಟ್ಟದಿರಲು ಎಷ್ಟು ಎತ್ತರಕ್ಕೆ ಒರಗಬೇಕು ಎಂದು ತಿಳಿಯಲೆಂದೇ ಆ ಪ್ರಶ್ನೆ ಇತ್ತು. ಅಂದರೆ ಅವಳ ಉಸಿರು ಆಸ್ಪತ್ರೆಯವರು ತಿಳಿದುಕೊಂಡಂತೆ ಇರಲಿಲ್ಲ.

ಮೇ ತಿಂಗಳ ಕಾರ್ಡು ಕಳಿಸಲು ಒಂದು ವಾರ ಉಳಿದಿತ್ತು. ಜಗಲಿಯಲ್ಲಿ ಕಾರ್ಡು ಹಿಡಿದು ಕೂತಿದ್ದಾಗ ಅಕ್ಕ ಬಂದು ಪಕ್ಕದಲ್ಲಿ ಕೂತಳು. ನಾನು ಏನು ಯೋಚಿಸುತ್ತಿದ್ದೇನೆಂದು ಅವಳಿಗೆ ಗೊತ್ತಾಗಿತ್ತು.

"ಅವ್ರ್ ಕೇಂಡದ್ದ್ ತಲೆದಿಂಬು. ನಮ್ಮನಿಯಂಗೆ ತಲೆದಿಂಬ್ ಎಲ್ಲಿತ್ತ್?"

"ಮುಡಿ ಇತ್ತಲೆ ಅಕ್ಕ."

"ಮುಡಿ ಇಪ್ಪುದ್ ಅಕ್ಕಿಗೆ. ಸುಳ್ಳ್ ಬರಿ ಅಂತ ನಾ ಹೇಳ್ತಿಲ್ಲೆ. ಕೇಂಡದ್ದಕ್ಕೆ ಬರಿ, ಸಾಕ್."

ನಾನು ಕಾರ್ಡನ್ನು ಮಗುಚಿ ಖಾಲಿ ಹಿಂಬದಿಯನ್ನು ನೋಡಿದೆ. ಅವಳೇ ಮತ್ತೆ ಹೇಳಿದಳು.

"ನೀ ಮುಡಿ ಅಂತ ಬರೆದ್ರೆ ನಾನ್ ಇಲ್ಲೇ ಕೂಕಂತೆ. ನೀನೂ ಇಲ್ಲೇ ಕೂಕಂತಿ. ಗೊತ್ತಿತ್ತಾ ನಿಂಗೆ?"

ಗೊತ್ತಿತ್ತು. ಎರಡು ದಿನ ಕಾರ್ಡನ್ನು ನೋಟ್‌ಬುಕ್ಕಿನೊಳಗೆ ಇಟ್ಟುಕೊಂಡೆ. ಅವಳು ಬೈಂದೂರಿಗೆ ಹೋಗಿ, ಬಾಡಿಗೆಯ ಕೋಣೆಯಲ್ಲಿ ಗೋಡೆಗೆ ಒರಗಿ ರಾತ್ರಿ ಕಳೆದು, ಬೆಳಿಗ್ಗೆ ಐವತ್ತು ಮಕ್ಕಳ ಮುಂದೆ ನಿಲ್ಲುವುದನ್ನು ಯೋಚಿಸಿದೆ. ಬರೆಯದೇ ಇದ್ದರೆ ನಾನೂ ಹೋಗಬಹುದು ಎಂಬುದನ್ನೂ ಯೋಚಿಸಿದೆ. ಹಾಗೆ ಯೋಚಿಸಲಿಲ್ಲ ಎಂದರೆ ಅದು ಸುಳ್ಳು. ಮೇ 27ರಂದು ಕಾರ್ಡಿನ ಹಿಂಬದಿಯಲ್ಲಿ ಬರೆದೆ: ನಮ್ಮಲ್ಲಿ ತಲೆದಿಂಬು ಇಲ್ಲ. ಮೊದಲಿನಿಂದಲೂ ಅಕ್ಕಿ ಮುಡಿಗೆ ಒರಗಿ ಮಲಗುತ್ತಾಳೆ. ಅದು ಇಲ್ಲದಿದ್ದರೆ ಮಲಗಲಾಗುವುದಿಲ್ಲ. ಹೆಜ್ಜೆ ನೂರ ಹದಿನೆಂಟಕ್ಕೆ ನಿಂತದ್ದು ದಣಪೆಯಿಂದ. ಎಲ್ಲ ಕಾರ್ಡುಗಳನ್ನೂ ಹಾಗೆಯೇ ಓದಬೇಕು.

ಅಂಚೆ ಕಚೇರಿಗೆ ಹೋಗುವಾಗ ಅಕ್ಕ ದಣಪೆಯವರೆಗೆ ಬಂದಳು. ಗಳು ಸರಿಸಿ ನನಗೆ ದಾರಿ ಬಿಟ್ಟಳು, ಆಮೇಲೆ ತಾನೇ ಗಳು ಹಾಕಿದಳು.

ಹತ್ತೊಂಬತ್ತನೆಯ ದಿನ ಉತ್ತರ ಬಂತು, ರೋಗಿಯನ್ನು ಕರೆತನ್ನಿ ಎಂದು. ಅಷ್ಟರಲ್ಲಿ ಅಪ್ಪಯ್ಯ ನನ್ನ ಮಾತು ಕೇಳಿ ಬ್ರಹ್ಮಾವರಕ್ಕೆ ಹೋಗುವುದನ್ನು ನಿಲ್ಲಿಸಿದ್ದರು, ಬೈಂದೂರಿನ ಜಾಗಕ್ಕೆ ಬೇರೆಯವರು ಸೇರಿದ್ದರು. ಅಕ್ಕನನ್ನು ಆ ದೊಡ್ಡ ಆಸ್ಪತ್ರೆಗೇ ಕರೆದುಕೊಂಡು ಹೋಗಿ ತೋರಿಸಿದೆವು. ಕವಾಟ ಮತ್ತೆ ಕೂಡಿಕೊಳ್ಳುತ್ತಿದೆ ಎಂದರು. ಈ ಸಲ ಬೆರಳಿನ ಕೆಲಸವಲ್ಲ, ಹೃದಯವನ್ನು ನಿಲ್ಲಿಸಿ, ಅಷ್ಟು ಹೊತ್ತು ಯಂತ್ರದಿಂದ ರಕ್ತ ಓಡಿಸಿ, ಕವಾಟವನ್ನು ಕಣ್ಣಿಂದ ನೋಡಿಯೇ ಸರಿಮಾಡಬೇಕು. ಸರದಿ ಬಂದಾಗ ಬರೆಯುತ್ತೇವೆ, ಅಲ್ಲಿಯವರೆಗೆ ಮಾತ್ರೆ ಮತ್ತು ಕಾರ್ಡು ಎಂದರು. ಬಂದ ಹೊಸ ಕಾರ್ಡಿನಲ್ಲಿ ನಾಲ್ಕನೆಯ ಮನೆಯ ಮೇಲೆ "ತಲೆದಿಂಬು ಅಥವಾ ಒರಗುವ ಬೇರೆ ಯಾವುದೇ ವಸ್ತು" ಎಂದು ಅಚ್ಚಾಗಿತ್ತು. ಅಕ್ಕನಿಗೆ ತೋರಿಸಿದೆ. "ನಮ್ಮನಿ ಮುಡಿ ಮದ್ರಾಸಿಗ್ ಹೋಯ್ತ್, ನಾನೊಬ್ಳ್ ಬಾಕಿ" ಎಂದಳು. ಮೇ ನಂತರ ಅವಳು ನನ್ನೊಡನೆ ಆಡಿದ ಮೊದಲ ತಮಾಷೆ ಅದು.

ಇದನ್ನು ಪತ್ರಿಕೆಯ ಓದುಗರಿಗೆಂದು ಬರೆಯುತ್ತಿರುವುದು 1971ರ ಫೆಬ್ರವರಿಯಲ್ಲಿ. ಸರದಿ ಬಂದಿಲ್ಲ. ಟ್ರೈನಿಂಗಿನ ಅರ್ಜಿ ನೋಟ್‌ಬುಕ್ಕಿನಲ್ಲೇ ಇದೆ. ಒಳಕೋಣೆಯ ಒಂದು ಮುಡಿಯನ್ನು ಅಮ್ಮ ಈಗ ಬಿಚ್ಚುವುದಿಲ್ಲ. ನಿನ್ನೆ ಹೆಜ್ಜೆ ಎಪ್ಪತ್ತಾರು. ದಣಪೆಗೆ ಇನ್ನೂ ನಲವತ್ತೆರಡು ಉಳಿಯಿತು.

ನಮ್ಮ ಕಡೆ ಈ ಕಾರ್ಡು ತುಂಬಿದ ಮನೆಯವರು ಬೇರೆಯೂ ಇರಬಹುದು. ತಲೆದಿಂಬಿನ ಮನೆಯಲ್ಲಿ ನೀವು ಏನು ಬರೆದಿರಿ, ರೋಗಿ ಯಾವುದಕ್ಕೆ ಒರಗುತ್ತಿದ್ದರು, ದಯವಿಟ್ಟು ತಿಳಿಸಿ. ಯಂತ್ರವಿಟ್ಟು ಮಾಡುವ ಆಪರೇಷನ್ ಆದವರು ಯಾರಾದರೂ ಗೊತ್ತಿದ್ದರೆ ಎಷ್ಟು ಕಾಲ ಕಾದರು ಎಂದು ಬರೆಯಿರಿ. ಇಷ್ಟನ್ನು ಅಕ್ಕನಿಗೆ ಓದಿ ಹೇಳಿದಾಗ ಅವಳು ಇನ್ನೊಂದು ಸೇರಿಸಲು ಹೇಳಿದಳು: ಸೊನ್ನೆ ಬರೆಸಿಕೊಂಡು ಕೆಲಸಕ್ಕೆ ಹೋದವರಿದ್ದರೆ, ಅವರು ಹೇಗಿದ್ದಾರೆ ಎಂಬುದನ್ನೂ ತಿಳಿಸಬೇಕಂತೆ.