ರೂಪಾಯಿಗೆ ಐದಾಣೆ ಕೊಟ್ಟ ಕೌಸರ

ಮುದ್ದೇಬಿಹಾಳದ ಮಾರ್ಕೆಟ್ ಯಾರ್ಡಿನ ಹಿಂದಿನ ಓಣಿಯಲ್ಲಿ ಕೌಸರಳ ಹೊಲಿಗೆ ಅಂಗಡಿ ಅಂದರೆ ಶಾಲಾ ಮಕ್ಕಳ ಸಮವಸ್ತ್ರಕ್ಕೆ ಹೆಸರಾದದ್ದು. ಒಂಬತ್ತು ಮಷಿನ್, ಒಂಬತ್ತು ಹೆಣ್ಣುಮಕ್ಕಳು. ಮೇ ತಿಂಗಳು ಬಂತೆಂದರೆ ಊಟಕ್ಕೂ ಪುರುಸೊತ್ತಿಲ್ಲ. 2020ರ ಫೆಬ್ರುವರಿಯಲ್ಲಿ ಮೂರು ಖಾಸಗಿ ಶಾಲೆಗಳ ಆರ್ಡರ್ ನಂಬಿ ಅವಳು ಸಿಂದಗಿಯ ಬಟ್ಟೆ ವ್ಯಾಪಾರಿ ಬಾಬುಲಾಲರಿಂದ ಹಸಿರು ಚೌಕಡಿ ಬಟ್ಟೆಯನ್ನು ಉದ್ರಿ ತಂದಳು. ಮಾರ್ಚಿನಲ್ಲಿ ಶಾಲೆಗಳು ಮುಚ್ಚಿದವು. ತೆರೆಯುವ ಹೊತ್ತಿಗೆ ಮೂರೂ ಕಡೆ ಸಮವಸ್ತ್ರದ ಬಣ್ಣ ಬದಲಾಗಿತ್ತು. ಹಸಿರು ಚೌಕಡಿಯ ಥಾನುಗಳು ಅಂಗಡಿಯ ಗೋಡೆಗುಂಟ ಹಾಗೇ ಕೂತವು.

ಎರಡು ವರ್ಷ ಅವಳು ಒಂದು ಸಾಲ ತಂದು ಇನ್ನೊಂದರ ಬಡ್ಡಿ ಕಟ್ಟಿದಳು. ಅವಳಿಗೆ ಅಕ್ಷರ ಕಲಿಸಿದ ಶಂಕ್ರೆಪ್ಪ ಮಾಸ್ತರರು ಜಾಮೀನು ನಿಂತು ಸೊಸೈಟಿಯಿಂದ ಎಪ್ಪತ್ತು ಸಾವಿರ ಕೊಡಿಸಿದರು. ಅದೂ ಕರಗಿತು. ಎಲ್ಲ ಸೇರಿ ಹನ್ನೊಂದು ಲಕ್ಷ ದಾಟಿದ ದಿನ ಅವಳು ವಕೀಲೆ ಪ್ರಜ್ಞಾಳ ಆಫೀಸಿನ ಮೆಟ್ಟಿಲು ಹತ್ತಿದಳು.

ಪ್ರಜ್ಞಾ ಇಂಡಿ ಊರಿನವಳು, ಮಾತು ನೆಟ್ಟಗೆ. "ದಿವಾಳಿ ಅರ್ಜಿ ಹಾಕೂಣ್ರಿ. ನಿಮ್ಮ ಹತ್ರ ಇದ್ದದ್ದನ್ನೆಲ್ಲಾ ಕೋರ್ಟಿಗೆ ಒಪ್ಪಸಬೇಕು. ಕೋರ್ಟು ನೇಮಿಸಿದ ರಿಸೀವರು ಅದನ್ನ ಮಾರಿ, ಸಾಲ ಕೊಟ್ಟವರಿಗೆ ಪಾಲ ಹಂಚತಾರ. ಆಮ್ಯಾಲ ನೀವು ಬಿಡುಗಡೆ ಕೇಳಿ ಮತ್ತೊಂದು ಅರ್ಜಿ ಹಾಕಬೇಕು. ಅದು ತಾನಾಗೇ ಬರೂದಿಲ್ಲ. ಒಂದು ಸೂಜಿ ಮುಚ್ಚಿಟ್ರೂ ಬರೂದಿಲ್ಲ."

ಅರ್ಜಿಯ ನೋಟೀಸು ಪೇಪರಿನಲ್ಲಿ ಬಂತು. ಓಣಿಯವರು ಓದಿ ಬಂದು ಹೇಳುವ ಮೊದಲೇ ಕೌಸರ ಬಸ್‌ಸ್ಟ್ಯಾಂಡಿಗೆ ಹೋಗಿ ತಾನೇ ಪೇಪರು ಕೊಂಡಳು. ತನ್ನ ಹೆಸರು, ಅಪ್ಪನ ಹೆಸರು, ಊರು, ಎಲ್ಲ ಸರಿಯಾಗಿ ಅಚ್ಚಾಗಿತ್ತು. ಪೇಪರನ್ನು ಮಡಚಿ ಕಂಕುಳಲ್ಲಿಟ್ಟು ನಡು ರಸ್ತೆಯಲ್ಲೇ ನಡೆದು ಮನೆಗೆ ಬಂದಳು.

ಅಂದು ಸಂಜೆ ತಮ್ಮ ತಬ್ರೇಜ ಬಂದ. "ಅಕ್ಕಾ, ಆ ಎರಡು ತೊಲಿ ಬಂಗಾರದ ಬಳಿ ನನ್ನ ಕಡಿ ಕೊಡು. ಯಾರಿಗೆ ತಿಳಿತೈತಿ?"

"ಕೋರ್ಟಿಗೆ ಬರಕೊಟ್ಟಾಗೇತಿ," ಎಂದಳು ಕೌಸರ. "ಎಲ್ಲಾಕ್ಕಿಂತ ಮ್ಯಾಲಿನ ಸಾಲಿನ್ಯಾಗ ಅವ ಅದಾವ."

ಕೋರ್ಟು ಅವಳನ್ನು ದಿವಾಳಿಯೆಂದು ಘೋಷಿಸಿ, ಒಂದು ವರ್ಷದೊಳಗೆ ಬಿಡುಗಡೆಯ ಅರ್ಜಿ ಹಾಕಬೇಕೆಂದು ಹೇಳಿತು. ರಿಸೀವರು ಎಂಟು ಮಷಿನ್, ಬಳೆ, ಸ್ಕೂಟಿ, ಕೆಜಿ ಲೆಕ್ಕದಲ್ಲಿ ಬಟ್ಟೆ, ಎಲ್ಲವನ್ನೂ ಮಾರಿದರು. ಅಂಗಡಿಯ ಮುಂಗಡವನ್ನೂ ಮರಳಿ ಪಡೆದರು. ಕಸುಬಿನ ಉಪಕರಣವೆಂದು ಒಂದು ಮಷಿನನ್ನು ಮಾತ್ರ ಅವಳಿಗೆ ಬಿಟ್ಟರು. ಪಡಸಾಲೆಯಲ್ಲಿ ಅದನ್ನಿಟ್ಟುಕೊಂಡು ಅವಳು ರವಿಕೆ ಹೊಲಿಯತೊಡಗಿದಳು.

ಇನ್ನೂ ಬಿಡುಗಡೆಯಾಗದ ದಿವಾಳಿ ಮನುಷ್ಯ ಐವತ್ತು ರೂಪಾಯಿ ಮತ್ತು ಅದಕ್ಕೂ ಮೇಲಿನ ಉದ್ರಿಯನ್ನು ಸಂಗತಿ ತಿಳಿಸದೆ ಪಡೆಯುವಂತಿಲ್ಲ. ಕೌಸರ ಅದನ್ನು ಅಕ್ಷರಶಃ ಪಾಲಿಸಿದಳು. ಕಿರಾಣಿ ಅಂಗಡಿಯ ರೇವವ್ವನ ಮುಂದೆ ನಿಂತು, "ಮೊದಲ ಕೇಳಬೇ. ನಾನು ಕೋರ್ಟಿನ ಪ್ರಕಾರ ದಿವಾಳಿ. ಹೇಳದ ಉದ್ರಿ ತಗೊಂಡ್ರ ಗುನ್ಹೆ ಆಗತೈತಿ," ಎಂದಳು.

"ಎರಡು ಕೇಜಿ ಜ್ವಾಳದ ಹಿಟ್ಟಿಗೆ ಇಷ್ಟು ಭಾಷಣ ಬೇಕೇನ? ಒಯ್ಯಿ," ಎಂದು ರೇವವ್ವ ಚೀಲ ತುಂಬಿದಳು.

2024ರ ಜೂನಿನಲ್ಲಿ ಬಿಡುಗಡೆಯ ಅರ್ಜಿ ವಿಚಾರಣೆಗೆ ಬಂತು. ಸಾಲ ಕೊಟ್ಟವರಿಗೆ ಸಿಕ್ಕದ್ದು, ಹಳೆಯ ಕಾನೂನಿನ ಲೆಕ್ಕದಲ್ಲಿ, ಹದಿನಾರಾಣೆಯ ರೂಪಾಯಿಗೆ ಐದಾಣೆ. ಬಾಬುಲಾಲರ ವಕೀಲರು ಎದ್ದು ನಿಂತರು. ಕಾನೂನಿನ ಪ್ರಕಾರ ರೂಪಾಯಿಗೆ ಎಂಟಾಣೆಯಷ್ಟೂ ಆಸ್ತಿ ಹುಟ್ಟದಿದ್ದರೆ, ಅದು ತನ್ನ ತಪ್ಪಿನಿಂದಲ್ಲವೆಂದು ದಿವಾಳಿಯಾದವರೇ ತೋರಿಸಬೇಕು. ಈಕೆ ತೀರಿಸಲಾರೆನೆಂದು ತಿಳಿದೇ ಬಟ್ಟೆ ಒಯ್ದಿದ್ದಾಳೆ ಎಂದರು.

ನ್ಯಾಯಾಧೀಶರು ಕೌಸರಳತ್ತ ನೋಡಿದರು. ಅವಳು ಆರ್ಡರ್ ಪತ್ರಗಳನ್ನೂ, ವರ್ಷವರ್ಷದ ಲೆಕ್ಕದ ವಹಿಗಳನ್ನೂ ಮುಂದಿಟ್ಟಳು. "ಬಟ್ಟಿ ತಂದದ್ದು ಫೆಬ್ರುವರಿ ಹದಿಮೂರಕ್ಕರಿ. ಮುಂದಿನ ತಿಂಗಳ ಸಾಲಿ ಮುಚ್ಚತಾವಂತ ನನಗ ಗೊತ್ತಿದ್ರ, ಸಾವ್ಕಾರ್ರಿಗೂ ಗೊತ್ತಿರಬೇಕಿತ್ತಲ್ರಿ. ಗೊತ್ತಿದ್ರ ಅವರರ ಉದ್ರಿ ಯಾಕ ಕೊಡ್ತಿದ್ರು?"

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಬಾಬುಲಾಲರು ಮೀಸೆಯ ಮೇಲೆ ಕೈಯಾಡಿಸಿಕೊಂಡರು. ರಿಸೀವರು ತಮ್ಮ ವರದಿ ಓದಿದರು: ಏನನ್ನೂ ಮುಚ್ಚಿಟ್ಟಿಲ್ಲ, ಬಳೆಗಳನ್ನು ಕೇಳುವ ಮೊದಲೇ ತಂದೊಪ್ಪಿಸಿದ್ದಾರೆ, ವಹಿಗಳಲ್ಲಿ ಒಂದು ತಿಂಗಳೂ ತಪ್ಪಿಲ್ಲ. ಹದಿನೈದು ದಿನಕ್ಕೆ ಆದೇಶ ಬಂತು. ಉಳಿದ ಹನ್ನೊಂದಾಣೆಯ ಸಾಲದಿಂದ ಕೌಸರಳಿಗೆ ಬಿಡುಗಡೆಯಾಯಿತು.

ಕೋರ್ಟಿನ ಹೊರಗೆ ಬೇವಿನ ನೆರಳಿನಲ್ಲಿ ಪ್ರಜ್ಞಾ ಇನ್ನೊಂದು ಮಾತು ಹೇಳಿದಳು. "ಈ ಬಿಡುಗಡೆ ನಿಮಗಷ್ಟ. ಜಾಮೀನು ನಿಂತವರಿಗೆ ಅಲ್ಲ. ಸೊಸೈಟಿಯವರು ಬಾಕಿ ಮಾಸ್ತರ ಕಡಿಂದ ವಸೂಲಿ ಮಾಡಬಹುದು."

ಕೌಸರ ಮನೆಗೆ ಹೋಗಲಿಲ್ಲ. ನೇರ ಶಂಕ್ರೆಪ್ಪ ಮಾಸ್ತರರ ಕಟ್ಟೆಗೆ ಹೋದಳು. "ಗುರುಗಳ, ಸೊಸೈಟಿ ಕಂತು ತಿಂಗಳಾ ನಾನ ಕಟ್ಟತೇನ್ರಿ."

"ಕೋರ್ಟು ನಿನ್ನ ಬಿಟ್ಟೈತಲ್ಲವಾ, ಮತ್ತ್ಯಾಕ?"

"ನನ್ನ ಬಿಟ್ಟೈತ್ರಿ. ನಿಮ್ಮನ್ನ ಬಿಟ್ಟಿಲ್ಲಲ್ರಿ."

ಮಾಸ್ತರರು ಮುಖ ತಿರುಗಿಸಿ ಕನ್ನಡಕ ಒರೆಸಿಕೊಂಡರು. ಬಾಕಿ ತೀರುವವರೆಗೆ, ಹದಿನಾಲ್ಕು ತಿಂಗಳು, ಅವಳು ಒಂದು ಕಂತನ್ನೂ ತಪ್ಪಿಸಲಿಲ್ಲ. ಕಾನೂನು ಕೇಳದ ಆ ಹಣವನ್ನು ಕಟ್ಟಿ ಬರುವಾಗ ಅವಳ ನಡಿಗೆಯೇ ಬೇರೆ ಇರುತ್ತಿತ್ತು, ಎಂದು ಈಗಲೂ ಓಣಿಯವರು ಹೇಳುತ್ತಾರೆ.

ಈಗ ಅವಳ ಬಳಿ ನಾಲ್ಕು ಮಷಿನ್ ಇವೆ, ಹಳೆಯ ಹೆಣ್ಣುಮಕ್ಕಳಲ್ಲಿ ಮೂವರು ಮರಳಿ ಬಂದಿದ್ದಾರೆ. ಕಳೆದ ತಿಂಗಳು ಬಸವನ ಬಾಗೇವಾಡಿಯ ಒಂದು ಶಾಲೆಯಿಂದ ಕರೆ ಬಂತು. ಅಳತೆ ಟೇಪು ಕೊರಳಿಗೆ ಹಾಕಿಕೊಂಡೇ ಹೋದಳು. ಮುಖ್ಯೋಪಾಧ್ಯಾಯಿನಿ ಸ್ವಲ್ಪ ತಡವರಿಸಿ ಕೇಳಿದರು, "ತಪ್ಪ ತಿಳೀಬ್ಯಾಡ್ರಿ, ನೀವು ದಿವಾಳಿ ಆಗಿದ್ರಂತಲ್ಲ, ಖರೇನ?"

"ಖರೇರಿ. ದಿವಾಳಿನೂ ಆಗೇನಿ, ಬಿಡುಗಡೆನೂ ಆಗೇನಿ. ಎರಡಕ್ಕೂ ಕೋರ್ಟಿನ ಕಾಗದ ಅದಾವ," ಎಂದು ಕೌಸರ ಟೇಪು ಬಿಚ್ಚಿದಳು. "ಮಕ್ಕಳು ಎಷ್ಟು ಮಂದಿ ಅದಾರ, ಹೇಳ್ರಿ."